ಬ್ಯಾನರ್ ಇದೆ ಎಂದು ಸುಮ್ಮನಿರಬೇಡಿ: ಕೋರ್ಸ್ ವಿಜೆಟ್ ಅದಕ್ಕೂ ಮೊದಲೇ ಕುಕೀ ಇಟ್ಟಿರುತ್ತದೆ

ಪುಟ ತೆರೆದ ಕೂಡಲೇ ಕೆಳಗೆ ಒಪ್ಪಿಗೆ ಕೇಳುವ ಕುಕೀ ಬ್ಯಾನರ್ ಬಂತು, ನೋಡುತ್ತಿದ್ದವರು ‘ಬೇಡ’ ಒತ್ತಿದರು. ಅಷ್ಟರಲ್ಲಾಗಲೇ ಮೂರು ಹೊರಗಿನ ಕಂಪನಿಗಳ ಕುಕೀಗಳು (ನೋಡುಗರನ್ನು ಗುರುತಿಸಲು ಇಡುವ ಸಣ್ಣ ಮಾಹಿತಿ ತುಣುಕುಗಳು) ಅವರ ಬ್ರೌಸರ್‌ನಲ್ಲಿ ಕುಳಿತಿದ್ದವು. ಸಂಗೀತ ಪಾಠ ಮಾರುವ ಒಂದು ಕನ್ನಡ ಜಾಲತಾಣದಲ್ಲಿ ಆದದ್ದು ಇದು. ಕಂಡುಹಿಡಿದವರು ಜರ್ಮನಿಯಲ್ಲಿರುವ ಒಬ್ಬ ಪೋಷಕರು; ಸ್ಕ್ರೀನ್‌ಶಾಟ್ ಸಹಿತ ದೂರು ಬರೆದರು. ಪುಟದಲ್ಲಿ ಕೂರಿಸಿದ್ದ ಪಾಠದ ವಿಜೆಟ್ (ಬೇರೆಯವರು ಮಾಡಿಕೊಟ್ಟ ಸಿದ್ಧ ತುಣುಕು) ಕೊಟ್ಟ ಕಂಪನಿಯನ್ನು ಜಾಲತಾಣದವರು ಕೇಳಿದರೆ, ಒಪ್ಪಿಗೆ ಪಡೆಯುವುದು ನಿಮ್ಮ ಜವಾಬ್ದಾರಿ ಎಂಬ ಉತ್ತರ ಬಂತು. ಕೋಪ ಬರಿಸುವ ಮಾತು, ಆದರೆ ಕಾನೂನಿನ ಲೆಕ್ಕದಲ್ಲಿ ಬಹುಪಾಲು ನಿಜ.

ಫೇಸ್‌ಬುಕ್‌ನ ‘ಲೈಕ್’ ಗುಂಡಿ ಹಾಕಿಕೊಂಡಿದ್ದ ಫ್ಯಾಷನ್ ಐಡಿ ಎಂಬ ಜರ್ಮನ್ ಅಂಗಡಿಯ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 2019ರ ಜುಲೈನಲ್ಲಿ ಇದನ್ನೇ ಹೇಳಿತು: ಬೇರೆಯವರ ವಿಜೆಟ್ ಅನ್ನು ಪುಟದಲ್ಲಿ ಕೂರಿಸಿದವರು, ಅದು ಮಾಹಿತಿ ಸಂಗ್ರಹಿಸಿ ಕಳಿಸುವ ಹಂತಕ್ಕೆ ಜಂಟಿ ಹೊಣೆಗಾರರು. ನಾವಿರುವುದು ಮೈಸೂರಿನಲ್ಲಿ ಎಂಬ ವಾದ ನಡೆಯದು. ಶುಲ್ಕ ಯೂರೋದಲ್ಲಿ, ತರಗತಿ ಬರ್ಲಿನ್ ಸಮಯಕ್ಕೆ ಎಂದು ಹಾಕಿದ್ದರೆ, ಯುರೋಪಿನಲ್ಲಿರುವವರಿಗೇ ಸೇವೆ ನೀಡುತ್ತಿದ್ದೀರಿ ಎನ್ನಲು ಅದು ಸಾಕ್ಷಿಯಾಗುತ್ತದೆ. ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್ ನಿಮಗೂ ಅನ್ವಯಿಸುತ್ತದೆ.

ತಪ್ಪುವುದು ಎಲ್ಲಿ? ವಿಜೆಟ್ ಎಂದರೆ ಸಾಮಾನ್ಯವಾಗಿ ಒಂದು ಐಫ್ರೇಮ್, ಅಂದರೆ ನಿಮ್ಮ ಪುಟದೊಳಗೆ ಬೇರೆ ತಾಣವನ್ನು ತೋರಿಸುವ ಕಿಟಕಿ. ಅದರ ಎಸ್‌ಆರ್‌ಸಿ (src, ಎಲ್ಲಿಂದ ತರಬೇಕೆಂದು ಹೇಳುವ) ವಿಳಾಸ ಕಂಡೊಡನೆ ಬ್ರೌಸರ್ ಅಲ್ಲಿಗೆ ಓಡುತ್ತದೆ, ಬ್ಯಾನರ್‌ಗೆ ಕಾಯುವುದಿಲ್ಲ. ಬೇರೆ ಡೊಮೇನ್ ಇಟ್ಟ ಕುಕೀಯನ್ನು ನಿಮ್ಮ ಬ್ಯಾನರ್ ಓದಲಾರದು, ಅಳಿಸಲಾರದು. ಹಾಗಾಗಿ ‘ಬೇಡ’ ಒತ್ತಿದ ಮೇಲೆ ಮಾಡುವ ಯಾವ ಕೆಲಸದಿಂದಲೂ ಪ್ರಯೋಜನವಿಲ್ಲ. ತಡೆಯಬೇಕಾದದ್ದು ಲೋಡ್ ಆಗುವ ಮೊದಲು. ಐಫ್ರೇಮ್ ಅನ್ನು ಸಿಎಸ್‌ಎಸ್‌ನಿಂದ ಮರೆಮಾಡಿದರೂ ಅದು ಲೋಡ್ ಆಗುತ್ತದೆ. ‘ಲೇಜಿ’ ಲೋಡಿಂಗ್ ಕೆಲಸವನ್ನು ಸ್ವಲ್ಪ ಮುಂದೂಡುತ್ತದೆ, ಅಷ್ಟೇ.

ಸರಿಯಾದ ದಾರಿ: ವಿಳಾಸವನ್ನು ಎಸ್‌ಆರ್‌ಸಿಯಲ್ಲಿ ಬರೆಯದೆ ಬ್ರೌಸರ್ ತಾನಾಗಿ ತೆರೆಯದ ಡೇಟಾ-ಎಸ್‌ಆರ್‌ಸಿಯಲ್ಲಿ (data-src) ಇಡಿ. ವಿಜೆಟ್ ಸ್ಕ್ರಿಪ್ಟ್ ಆಗಿದ್ದರೆ ಅದರ ಟೈಪ್ ಅನ್ನು ಟೆಕ್ಸ್ಟ್/ಪ್ಲೇನ್ ಮಾಡಿ. ಆ ಜಾಗದಲ್ಲಿ ಒಂದು ಚಿತ್ರ, ಯಾವ ಕಂಪನಿಗೆ ಏನು ಹೋಗುತ್ತದೆ ಎಂಬ ಎರಡು ಸಾಲು, ಒಂದು ಗುಂಡಿ. ಗುಂಡಿ ಒತ್ತಿದ ಮೇಲಷ್ಟೇ ವಿಳಾಸವನ್ನು ಎಸ್‌ಆರ್‌ಸಿಗೆ ವರ್ಗಾಯಿಸಿ. ಚಿತ್ರ ನಿಮ್ಮ ಸರ್ವರ್‌ನಲ್ಲೇ ಇರಲಿ. ಯೂಟ್ಯೂಬ್‌ನ ಥಂಬ್‌ನೇಲ್ ಅನ್ನು ನೇರವಾಗಿ ಎಳೆದುಕೊಂಡರೆ ನೋಡುಗರ ಐಪಿ ವಿಳಾಸ ಗೂಗಲ್‌ಗೆ ಆಗಲೇ ಹೋಯಿತು. ಇದು ಸಣ್ಣ ವಿಷಯವಲ್ಲ: ಗೂಗಲ್ ಫಾಂಟ್ ಮೂಲಕ ಐಪಿ ವಿಳಾಸ ರವಾನೆಯಾದದ್ದಕ್ಕೇ ಮ್ಯೂನಿಕ್ ನ್ಯಾಯಾಲಯ 2022ರ ಜನವರಿಯಲ್ಲಿ 100 ಯೂರೋ ಪರಿಹಾರ ಕೊಡಿಸಿತು. ಹೊರಗಿನ ಸರ್ವರ್‌ಗೆ ಮೊದಲೇ ಸಂಪರ್ಕ ಮಾಡಿಡುವ, ಪುಟದ ತಲೆಭಾಗದಲ್ಲಿರುವ ಪ್ರೀಕನೆಕ್ಟ್ ಸಾಲುಗಳನ್ನೂ ತೆಗೆಯಿರಿ.

ಯೂಟ್ಯೂಬ್‌ನ ‘ನೋಕುಕೀ’ ವಿಳಾಸ, ವಿಮಿಯೋದ ಡಿಎನ್‌ಟಿ=1, ಇಂಥ ಟ್ರ್ಯಾಕಿಂಗ್ ತಗ್ಗಿಸುವ ಆಯ್ಕೆಗಳನ್ನು ಬಳಸುವುದು ಒಳ್ಳೆಯದೇ. ಆದರೆ ಅವನ್ನು ನಂಬಿ ಒಪ್ಪಿಗೆ ಕೇಳುವುದನ್ನು ಬಿಡಬೇಡಿ. ಯುರೋಪಿನ ಇ-ಪ್ರೈವಸಿ ನಿರ್ದೇಶನ ಹೇಳುವುದು ಕುಕೀ ಬಗ್ಗೆ ಮಾತ್ರವಲ್ಲ. ಸಾಧನದಲ್ಲಿ ಏನನ್ನಾದರೂ ಇಡುವುದು, ಓದುವುದು, ಎರಡಕ್ಕೂ ಒಪ್ಪಿಗೆ ಬೇಕು. ಬ್ರೌಸರ್‌ನೊಳಗೆ ಮಾಹಿತಿ ಉಳಿಸುವ ಲೋಕಲ್ ಸ್ಟೋರೇಜ್ ಕೂಡ ಅದರಲ್ಲೇ ಬರುತ್ತದೆ. ದಾಖಲಾದ ವಿದ್ಯಾರ್ಥಿ ಲಾಗಿನ್ ಆಗಲು ಬೇಕೇ ಬೇಕಾದ ಕುಕೀಗೆ ವಿನಾಯಿತಿ ಇದೆ. ಮುಖಪುಟದ ಜಾಹೀರಾತು ವಿಡಿಯೋಗೆ, ಚಾಟ್ ಗುಳ್ಳೆಯ ಟ್ರ್ಯಾಕಿಂಗ್‌ಗೆ ಇಲ್ಲ.

ಸಫಾರಿ ಬ್ರೌಸರ್ ಮೂರನೆಯವರ (ಬೇರೆ ಡೊಮೇನ್‌ನವರ) ಕುಕೀಗಳನ್ನು ಪೂರ್ತಿ ತಡೆಯುವುದರಿಂದ ಐಫ್ರೇಮ್ ಒಳಗಿನ ಲಾಗಿನ್ ಎಷ್ಟೋ ಸಲ ಕೈಕೊಡುತ್ತದೆ. ಆಗ ಬ್ರೌಸರ್‌ನ ರಕ್ಷಣೆ ಆಫ್ ಮಾಡಿ ಎಂದು ಪೋಷಕರಿಗೆ ದಯವಿಟ್ಟು ಹೇಳಬೇಡಿ. ಪಾಠವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯುವ ಕೊಂಡಿ ಕೊಡಿ.

ಒಪ್ಪಿಗೆ ಹಿಂಪಡೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು. ಪುಟದ ಅಡಿಯಲ್ಲಿ ಸದಾ ಒಂದು ಕೊಂಡಿ ಇರಲಿ. ಒತ್ತಿದರೆ ವಿಜೆಟ್ ಹೋಗಿ ಮತ್ತೆ ಚಿತ್ರ ಬರಬೇಕು. ಯಾವಾಗ, ಯಾವುದಕ್ಕೆ ಒಪ್ಪಿದರು ಎಂಬ ದಾಖಲೆ ಇಡಿ.

ಮಕ್ಕಳ ತರಗತಿಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜರ್ಮನಿಯಲ್ಲಿ 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ನಮ್ಮ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆಯಲ್ಲಿ ಮಿತಿ 18. ಅದರಲ್ಲಿ ಮಕ್ಕಳ ಟ್ರ್ಯಾಕಿಂಗ್ ಮತ್ತು ಅವರನ್ನು ಗುರಿಯಾಗಿಸಿದ ಜಾಹೀರಾತಿಗೆ ನಿಷೇಧವಿದೆ, ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಕ್ರೋಮ್‌ನ ಇನ್‌ಕಾಗ್ನಿಟೊದಲ್ಲಿ ಮೂರನೆಯವರ ಕುಕೀಗಳಿಗೆ ಮೊದಲೇ ತಡೆ ಇರುತ್ತದೆ, ಅಲ್ಲಿ ನೋಡಿ ಮೋಸಹೋಗಬೇಡಿ. ಹೊಸ ಪ್ರೊಫೈಲ್ ಮಾಡಿ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ಲೋಡ್ ಮಾಡಿ. ಏನನ್ನೂ ಒತ್ತುವ ಮೊದಲು ನಿಮ್ಮದಲ್ಲದ ಡೊಮೇನ್ ಕಂಡರೆ ಬರೆದುಕೊಳ್ಳಿ. ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಕುಕೀ, ಲೋಕಲ್ ಸ್ಟೋರೇಜ್ ಎರಡನ್ನೂ ನೋಡಿ. ‘ಬೇಡ’ ಒತ್ತಿ ಮತ್ತೆ ಲೋಡ್ ಮಾಡಿ, ಮತ್ತೆ ನೋಡಿ. ವಿಜೆಟ್ ಕಂಪನಿ ತನ್ನ ಸರ್ವರ್‌ನಲ್ಲೇ ಕೋಡ್ ಬದಲಿಸಿದರೆ ನಿಮಗೆ ಗೊತ್ತಾಗುವುದಿಲ್ಲ, ಆದ್ದರಿಂದ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಒಪ್ಪಿಗೆಗೆ ಮುನ್ನ ವಿಜೆಟ್ ಅನ್ನು ತಡೆಯಲು ಸಾಧ್ಯವೇ ಆಗದಿದ್ದರೆ ಅದನ್ನು ಕಿತ್ತುಹಾಕಿ, ಆ ಜಾಗದಲ್ಲಿ ಬರಿಯ ಒಂದು ಕೊಂಡಿ ಇಡಿ.