ಲಿನೋ ಕಿಟ್ ತರಿಸಿದೆ, ಮಾರವಾ ರಾಗ ಅಚ್ಚು ಹಾಕಿದೆ

ಲಿನೋ ಅನ್ನುವ ಮೆತ್ತನೆ ಹಾಳೆಯನ್ನು ಕೆತ್ತಿ, ಇಂಕು ಹಚ್ಚಿ ಕಾಗದದ ಮೇಲೆ ಅಚ್ಚು ಒತ್ತುವುದೇ ಲಿನೋಕಟ್. ಅದರ ಕಿಟ್ ತಗೊಳ್ಳೋದಾ ಬೇಡ್ವಾ ಅಂತ ಯೋಚನೆ ಮಾಡುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ, ಇಂಕು ಹಚ್ಚುವ ರೋಲರ್ ಮಾತ್ರ ಬೇರೆ ಕೊಳ್ಳಿ. ನಾನು ಆನ್‌ಲೈನ್‌ನಲ್ಲಿ 1,150 ರೂಪಾಯಿಗೆ ತರಿಸಿದೆ, ಶಿರಸಿಗೆ ಬರಲು 8 ದಿನ ಹಿಡಿಯಿತು. ಒಂದು ಹಿಡಿಕೆ, 5 ಬ್ಲೇಡು, ನೋಟ್‌ಬುಕ್ ಅಳತೆಯ 2 ಲಿನೋ ತುಂಡು, ರಬ್ಬರ್ ರೋಲರ್, ಕಪ್ಪು ಎಣ್ಣೆ ಇಂಕಿನ ಒಂದು ಟ್ಯೂಬ್, ಇಷ್ಟು ಇತ್ತು.

ಹೂವು, ನವಿಲು ಕೆತ್ತುವ ಆಸೆ ನನಗಿರಲಿಲ್ಲ. ಹಿಂದೂಸ್ತಾನಿ ಸಂಗೀತ ಕಲಿಯಲು ಶುರುಮಾಡಿ 4 ವರ್ಷ ಆಯ್ತು, ಮುಸ್ಸಂಜೆಗೆ ಮಾರವಾ ಕೇಳಿದಾಗೆಲ್ಲ ಎದೆಯಲ್ಲಿ ಏನೋ ತಳಮಳ ಆಗುತ್ತದಲ್ಲ, ಅದನ್ನು ಕಾಗದದ ಮೇಲೆ ತರಬೇಕಿತ್ತು. ರಾಗಗಳನ್ನೇ ಚಿತ್ರವಾಗಿ ಬರೆದ ಹಳೆಯ ರಾಗಮಾಲಾ ಚಿತ್ರಗಳಲ್ಲಿ ನಾಯಕಿ, ಮಂಟಪ, ಮೋಡ ಎಲ್ಲ ಇರುತ್ತವೆ. ಚೆಂದವೇ. ಆದರೆ ಮನುಷ್ಯರೇ ಇಲ್ಲದೆ ಬರೀ ಗೆರೆ, ಖಾಲಿ ಜಾಗ ಇಟ್ಟುಕೊಂಡು ಆಗುತ್ತದಾ ಅಂತ ನೋಡಬೇಕಿತ್ತು. ಚಿತ್ರಕಾರ ಕಾಂಡಿನ್‌ಸ್ಕಿ 1911ರಲ್ಲಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್ ಸಂಗೀತ ಕೇಳಿ ಬಂದು ಬರೆದ ಚಿತ್ರದಲ್ಲಿ ಪಿಯಾನೋ ಅಂದರೆ ಒಂದು ದೊಡ್ಡ ಕಪ್ಪು ಆಕಾರ, ಅದರ ಸುತ್ತ ಹಳದಿಯೋ ಹಳದಿ. ಆ ಧೈರ್ಯ ನನಗೆ ತುಂಬಾ ಇಷ್ಟ.

ಮಾರವಾದಲ್ಲಿ ಪಂಚಮ, ಅಂದರೆ ಪ ಸ್ವರ, ಇಲ್ಲ. ರಿಷಭ (ರಿ) ಕೋಮಲ, ಅಂದರೆ ಸ್ವಲ್ಪ ಕೆಳಗೆ, ಮಧ್ಯಮ (ಮ) ತೀವ್ರ, ಅಂದರೆ ಸ್ವಲ್ಪ ಮೇಲೆ. ಹಾಡುವವರು ರಿ, ಧ ಮೇಲೆ ನಿಂತು ನಿಂತು ಆಧಾರ ಸ್ವರವಾದ ಷಡ್ಜವನ್ನು (ಸಾ) ಮುಂದೂಡುತ್ತಾ ಹೋಗುತ್ತಾರೆ. ಹಾಗಾಗಿ ಇಲ್ಲದ ಪಂಚಮಕ್ಕೆ ಅಂತ ನಾನು ಲಿನೋದ ನಡುವೆ ಒಂದು ಅಗಲ ಪಟ್ಟಿಯನ್ನು ಪೂರ್ತಿ ಕೆತ್ತಿ ತೆಗೆದೆ, ಅಚ್ಚಿನಲ್ಲಿ ಅದು ಬರೀ ಬಿಳಿ. ಕೆಳಗೆ ಒಂದೇ ಒಂದು ದಪ್ಪ ಗೆರೆ, ಅದು ಸಾ. ವಿ ಆಕಾರದ ಬ್ಲೇಡಿನಲ್ಲಿ ಕೊರೆದ ಸಣ್ಣ ಗೆರೆಗಳು ಅದರ ಹತ್ತಿರ ಬಂದು, ಮುಟ್ಟದೆ ತಿರುಗಿ ಹೋಗುತ್ತವೆ. ಕೆತ್ತಿದ್ದು ಬಿಳಿ, ಉಳಿದದ್ದು ಬಣ್ಣ. ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಕಾವಿ ಚಿತ್ರದ ಲೆಕ್ಕವೂ ಇದೇ ಅಲ್ವಾ, ಕೆಮ್ಮಣ್ಣು ಕೆರೆದರೆ ಒಳಗಿನ ಸುಣ್ಣ ಕಾಣುತ್ತದೆ.

ಒಂದು ಮಾತು ನೆನಪಿಡಿ, ಅಚ್ಚು ಎಡಬಲ ತಿರುಗಿ ಬರುತ್ತದೆ. ಸಂಗೀತವನ್ನು ನಾವು ಎಡದಿಂದ ಬಲಕ್ಕೆ ಯೋಚಿಸುತ್ತೇವೆ. ನನ್ನ ಮೊದಲ ಅಚ್ಚಿನಲ್ಲಿ ಏರುವ ಗೆರೆಗಳೆಲ್ಲ ಇಳಿಯುತ್ತಿದ್ದವು, ಆರೋಹ ಹೋಗಿ ಅವರೋಹ ಆಗಿತ್ತು. ಒಂದು ತುಂಡು ಹಾಗೇ ಹೋಯಿತು. ಟ್ರೇಸಿಂಗ್ ಕಾಗದದ ಮೇಲೆ ಬರೆದು, ಅದನ್ನು ಮಗುಚಿ ಇಟ್ಟು ಎರಡನೆಯದನ್ನು ಕೆತ್ತಿದೆ. ಹಾಳಾದ ತುಂಡಿನ ಹಿಂದೆ ಸೆಣಬಿನ ಬಟ್ಟೆ ಇರುವುದರಿಂದ ಆ ಕಡೆ ಕೆತ್ತಲು ಬರುವುದಿಲ್ಲ.

ಬ್ಲೇಡುಗಳು ಚೆನ್ನಾಗಿವೆ, ಇನ್ನೂ ಮೊಂಡಾಗಿಲ್ಲ. ಲಿನೋ ಗಟ್ಟಿ ಅನ್ನಿಸಿದರೆ ಬಚ್ಚಲು ಹಂಡೆಯ ಮುಚ್ಚಳದ ಮೇಲೆ 5 ನಿಮಿಷ ಇಡಿ, ಬೆಣ್ಣೆ ಹಾಗೆ ಕೊರೆಯುತ್ತದೆ. ಇನ್ನೊಂದು ಕೈ ಯಾವಾಗಲೂ ಬ್ಲೇಡಿನ ಹಿಂದೆ ಇರಲಿ.

ರೋಲರ್‌ನದ್ದೇ ಬೇಜಾರು. ರಬ್ಬರ್ ಒಂದು ಕಡೆ ಚಪ್ಪಟೆಯಾಗಿದೆ, ಪ್ರತಿ ಸುತ್ತಿಗೂ ಇಂಕಿನಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ. ಬೇರೆ ಚಿತ್ರಕ್ಕೆ ನಡೆಯಬಹುದು, ಆದರೆ ಮೌನಕ್ಕೂ ಲೆಕ್ಕ ಇರುವ ಚಿತ್ರದಲ್ಲಿ ಬೇಡದ ಗೆರೆ ಅಂದರೆ ಅಪಸ್ವರವೇ. ಮಾರಿದವರಿಗೆ ಫೋಟೋ ಕಳಿಸಿ 2 ವಾರ ಆಯ್ತು, ಉತ್ತರ ಇಲ್ಲ. ಹುಬ್ಬಳ್ಳಿಗೆ ಹೋದಾಗ 380 ರೂಪಾಯಿಗೆ ಬೇರೆ ತಂದೆ.

ಒತ್ತಲು ಯಂತ್ರ ಬೇಡ, ಸೌಟಿನ ಬೆನ್ನು ಸಾಕು. ಇಂಕು ಕಪ್ಪಗೆ, ದಟ್ಟವಾಗಿ ಕೂರುತ್ತದೆ. ಕೈ, ಬ್ಲೇಡು ತೊಳೆಯಲು ತೆಂಗಿನೆಣ್ಣೆ, ಆಮೇಲೆ ಸೋಪು. ಆದರೆ ನಮ್ಮ ಆಷಾಢದ ಮಳೆಯಲ್ಲಿ ಒಣಗಲು 6 ದಿನ ಬೇಕಾಯಿತು, ಅಷ್ಟೂ ದಿನ 9 ಅಚ್ಚುಗಳು ಜಗುಲಿಯ ಹಗ್ಗದ ಮೇಲೆ ನೇತಾಡುತ್ತಿದ್ದವು.

ಆಯಿಗೆ ರಾಗದ ಹೆಸರು ಹೇಳಿರಲಿಲ್ಲ. ಅಡಿಕೆ ಸುಲಿಯುತ್ತಾ ತಲೆ ಎತ್ತಿ ನೋಡಿ, "ಯಾರನ್ನೋ ಕಾಯ್ತಾ ಇದ್ದಂಗೆ ಕಾಣ್ತು" ಅಂದಳು. ಇನ್ನೂ 4 ಲಿನೋ ತುಂಡಿಗೆ ಅವತ್ತೇ ಆರ್ಡರ್ ಹಾಕಿದೆ, ಮುಂದಿನದು ಯಕ್ಷಗಾನದ ಚಂಡೆ.