ಎರಡು ವರ್ಷದ ಸ್ಮೋಕರ್, ಮಾರನೇ ದಿನದ ಕೋಳಿ

ಸಕಲೇಶಪುರದ ಮನೆಗೆ ಈ ಇದ್ದಿಲಿನ ಸ್ಮೋಕರ್, ಅಂದರೆ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಒಲೆ, ತಂದು ಎರಡು ವರ್ಷ ಆಯ್ತು. ಅಳತೆ, ತೂಕ ಎಲ್ಲ ನೀವು ನೋಡಿಯೇ ಇರ್ತೀರಿ. ನಾನು ಘಮದ ಬಗ್ಗೆ ಬರೆಯುತ್ತೇನೆ. ಕೋಳಿಗೆ ಹೊಗೆ ಕೊಡೋದೇ ಅದಕ್ಕೆ ಅಲ್ವಾ?

ಮೊದಲ ಮೂರು ತಿಂಗಳು ದುಡ್ಡು ದಂಡ ಅನಿಸಿತ್ತು. ದಟ್ಟ ಬಿಳಿ ಹೊಗೆ, ಕಣ್ಣಲ್ಲಿ ನೀರು, ಮಾಂಸ ಕಹಿ. ತಪ್ಪು ಮುಚ್ಚಳದ ಗಾಳಿ ಕಿಂಡಿಯದು. ಅದರ ತಗಡು ಸಡಿಲ, ತಾನಾಗಿಯೇ ಜಾರಿ ಮುಚ್ಚಿಕೊಳ್ಳುತ್ತಿತ್ತು. ಗಾಳಿ ಸಾಲದಿದ್ದರೆ ಕಟ್ಟಿಗೆ ಸರಿಯಾಗಿ ಉರಿಯುವುದಿಲ್ಲ, ಟಾರಿನಂಥ ಜಿಡ್ಡು ಕೋಳಿಗೆ ಕೂರುತ್ತದೆ. ಕಂಪನಿಗೆ ಎರಡು ಸಲ ಫೋನ್ ಮಾಡಿದೆ, ಪ್ರಯೋಜನವಾಗಲಿಲ್ಲ. ನಾನೇ ಬೋಲ್ಟು, ವಾಷರ್ ಹಾಕಿ ಬಿಗಿ ಮಾಡಿದೆ.

ಆಮೇಲೆ ಕಥೆಯೇ ಬದಲಾಯ್ತು. ಶನಿವಾರ ರಾತ್ರಿ ಕೋಳಿಗೆ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡುತ್ತೇನೆ. ಬೆಳಿಗ್ಗೆ ಚರ್ಮ ಒಣಗಿ, ಮುಟ್ಟಿದರೆ ಬೆರಳಿಗೆ ಚೂರು ಅಂಟುತ್ತದೆ. ಹೊಗೆ ಚೆನ್ನಾಗಿ ಹಿಡಿಯುವುದು ಆಗಲೇ. ಒಂದು ವರ್ಷ ಒಣಗಿದ ಕಾಫಿ ಕೊಂಬೆ, ಹೆಬ್ಬೆರಳು ಗಾತ್ರದ ನಾಲ್ಕೇ ತುಂಡು, ಕೆಂಡದ ಮೇಲೆ. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗುವ ತನಕ ಕೋಳಿ ಒಳಗೆ ಹೋಗುವುದಿಲ್ಲ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಕಾವಿಗೆ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಘಮದ ರಾಸಾಯನಿಕಗಳು, ಅಂದರೆ ಫೀನಾಲುಗಳು, ಹುಟ್ಟುತ್ತವೆ. ಹೊಗೆಯ ಘಮದಲ್ಲಿ ದೊಡ್ಡ ಪಾಲು ಇವುಗಳದು. ಪೈನ್ ಥರದ ಮರದಲ್ಲಿ ಸಿರಿಂಗಾಲ್ ಸಿಗುವುದೇ ಕಡಿಮೆ, ಮೇಲೆ ರಾಳದ ಘಾಟು ಬೇರೆ. ಹಾಗಾಗಿ ಪೈನಿನ ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಮಾತ್ರ ಹಾಕಬೇಡಿ.

ನನ್ನನ್ನು ಗೆದ್ದಿದ್ದು ಸೋಮವಾರದ ಬೆಳಗು. ಮಾಮೂಲಿ ಬೇಯಿಸಿದ ಕೋಳಿ ಮಾರನೇ ದಿನ ಬಿಸಿ ಮಾಡಿದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕೋಳಿ ಕೊಬ್ಬಿನಲ್ಲಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಂಶ ಜಾಸ್ತಿ. ಅದು ಗಾಳಿಯ ಆಮ್ಲಜನಕ ತಾಗಿ ಕೆಟ್ಟಾಗ ಹೆಕ್ಸನಾಲ್ ಎಂಬ ವಾಸನೆಯ ರಾಸಾಯನಿಕ ಹುಟ್ಟುತ್ತದೆ, ಆ ಕಮಟು ಅದರದ್ದು. ಹೊಗೆಯ ಫೀನಾಲುಗಳು ಈ ಕೆಡುವಿಕೆಯನ್ನು ನಿಧಾನ ಮಾಡುತ್ತವೆ. ತಣ್ಣಗಿನ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಅಕ್ಕಿ ರೊಟ್ಟಿ ಪಕ್ಕ ಇಟ್ಟರೆ, ಅಮ್ಮ "ಬಿಸಿ ಮಾಡ್ಬೇಡ ಮಗಾ, ಹಂಗೇ ಕೊಡು" ಅಂತಾರೆ.

ಕೊರತೆ ಇನ್ನೂ ಇದೆ. ಸಣ್ಣ ಕಾವಿಗೆ ಚರ್ಮ ರಬ್ಬರ್ ಥರ ಉಳಿಯುತ್ತದೆ, ಕೊನೆಗೆ ಕಾವಲಿ ಮೇಲೆ ಬಾಡಿಸಲೇಬೇಕು. ಮುಚ್ಚಳದ ಥರ್ಮಾಮೀಟರ್ ನಂಬಬೇಡಿ, ಚುಚ್ಚುವಂಥದ್ದು ಒಂದು ತಗೊಳ್ಳಿ. ತೊಡೆಯ ಒಳಗೆ 74 ಡಿಗ್ರಿ ಸೆಲ್ಸಿಯಸ್ ಆಗಲೇಬೇಕು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದರೆ ಬೆಂಜೊಪೈರಿನ್‌ನಂಥ ವಿಷ ಹೊಗೆಗೆ ಸೇರುತ್ತದೆ, ಕೆಳಗೆ ತಟ್ಟೆ ಇಡಿ. ಗರಿಗರಿ ಚರ್ಮವೇ ಬೇಕು ಅನ್ನುವವರಿಗೆ ಇದು ಬೇಡ. ನಾನಂತೂ ಈ ವಾರದ ಒಣ ಕೊಂಬೆ ಆಗಲೇ ತುಂಡು ಮಾಡಿಟ್ಟಿದ್ದೇನೆ.