ಪಳಗಿದ ಆಪರೇಟರ್ ಉಳಿಯಲು: ಬಾಂಡೋ, ಬೋನಸ್ಸೋ, ಬಡ್ತಿಯೋ?

ತುಮಕೂರಿನ ವಸಂತನರಸಾಪುರದಲ್ಲಿ ಸಣ್ಣ ಘಟಕ ನಡೆಸುವವರಿಗೆ ಈ ತಲೆನೋವು ಗೊತ್ತು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕೆಲಸ ಚೆನ್ನಾಗಿ ಕಲಿತ ಹುಡುಗ ಬೆಂಗಳೂರಿನ ಪೀಣ್ಯಕ್ಕೆ ಹೊರಟುಬಿಡುತ್ತಾನೆ.

ಬಾಂಡ್, ಅಂದರೆ ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂದು ಬರೆಸಿಕೊಳ್ಳುವ ಕರಾರು, ಅಗ್ಗ. ತರಬೇತಿ ಖರ್ಚು ವಾಪಸ್ ಕೇಳಲು ಸ್ವಲ್ಪ ಆಧಾರವಾಗಬಹುದು. ಆದರೆ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದು ಎಂದು ಬರೆಸಿದರೆ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ನಿಲ್ಲುವುದಿಲ್ಲ. ಸುಮ್ನೆ ಹೆದರಿಸುವ ಕಾಗದ.

ವರ್ಷ ತುಂಬಿದ ಮೇಲೆ ಕೊಡುವ ಬೋನಸ್? ದೊಡ್ಡ ಆರ್ಡರ್ ಮುಗಿಯುವವರೆಗೆ ಜನ ಬೇಕಿದ್ದರೆ ಇದೇ ಸರಿ. ಹಣ ಕೈಸೇರಿದ ಮರುವಾರವೇ ರಾಜೀನಾಮೆ ಬರುವುದೂ ಉಂಟು, ಅಲ್ವಾ?

ನನ್ನ ಓಟು ಬಡ್ತಿಗೆ. ಆಪರೇಟರ್‌ನನ್ನು ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವ) ಮಾಡಿ, ಆಮೇಲೆ ಪ್ರೋಗ್ರಾಮಿಂಗ್ ಕಲಿಸಿ. ಪ್ರತಿ ಮೆಟ್ಟಿಲಿಗೂ ಸಂಬಳ ಎಷ್ಟು ಏರುತ್ತದೆ ಎಂದು ಮೊದಲೇ ಬರೆದು ಕೊಡಿ. ಬಾಯಿಮಾತು ಬೇಡ. ಕಲಿತವನಿಗೆ ಹೊರಗೆ ಬೇಡಿಕೆ ಜಾಸ್ತಿಯಾಗುತ್ತದೆ, ನಿಜ. ಆದರೆ ಪೀಣ್ಯದ ಸಂಬಳಕ್ಕೆ ಪೂರ್ತಿ ಸರಿಗಟ್ಟಬೇಕಿಲ್ಲ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್, ಊಟದ ಖರ್ಚು ಕಳೆದು ಕೈಯಲ್ಲಿ ಉಳಿಯುವುದನ್ನು ಕೂತು ಲೆಕ್ಕ ಹಾಕಿ ತೋರಿಸಿ.

ಕನಿಷ್ಠ 10 ಜನರಿರುವ ಘಟಕವಾದರೆ ಇನ್ನೊಂದು ಮಾತು. ಕಾಯಂ ನೌಕರ 5 ವರ್ಷ ಪೂರೈಸಿ ಬಿಟ್ಟರೆ, ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ ಸಿಗುತ್ತದೆ. ನಾಲ್ಕನೇ ವರ್ಷದಲ್ಲಿರುವವನಿಗೆ ಇದನ್ನು ಹೇಳಿದ್ದೀರಾ?